ಡೋಗನ್ ಮುಖವಾಡಗಳು: ಸತ್ತವರನ್ನು ಬೀಳ್ಕೊಡುವ ಕುಣಿತ

ಕನ್ನಡದಲ್ಲಿ ‘ಮುಖವಾಡ’ ಎಂಬ ಪದಕ್ಕೆ ಅಷ್ಟು ಒಳ್ಳೆಯ ಹೆಸರಿಲ್ಲ. ಒಬ್ಬರು ಮುಖವಾಡ ಹಾಕಿಕೊಂಡಿದ್ದಾರೆ ಎಂದರೆ ಒಳಗೊಂದು, ಹೊರಗೊಂದು ಎಂದರ್ಥ. ಮುಖವಾಡ ಕಳಚಿತು ಎಂದರೆ ಬಣ್ಣ ಬಯಲಾಯಿತು ಎಂದರ್ಥ. ನಮ್ಮ ಮನೆಗಳ ಉರ್ದುವಿನಲ್ಲೂ ಮೋಸಗಾರನನ್ನು ‘ಬೇನಕಾಬ್’ ಮಾಡುತ್ತಾರೆ. ಎರಡು ಭಾಷೆಗಳಲ್ಲೂ ಮುಖವಾಡ ಎಂದರೆ ಬಚ್ಚಿಡುವ ಸಾಧನ.

ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿರುವ ಡೋಗನ್ ಜನರ ಸಂಪ್ರದಾಯದಲ್ಲಿ ಹೀಗಲ್ಲ. ಅಲ್ಲಿ ಮರದ ಮುಖವಾಡ ಧರಿಸಿ ಕುಣಿಯುವುದು ಸತ್ತವರನ್ನು ಊರಿನಿಂದ ಗೌರವದಿಂದ ಕಳಿಸಿಕೊಡುವುದಕ್ಕಾಗಿ. ಈ ಲೇಖನದಲ್ಲಿ ಆ ಮುಖವಾಡಗಳು ಯಾವುವು, ಅವುಗಳ ಕೆಲಸ ಏನು, ಅವು ಹಳ್ಳಿಯಿಂದ ಹೇಗೆ ಹೊರಗೆ ಹೋದವು ಎಂಬುದನ್ನು ನೋಡೋಣ. ಹೊರಗೆ ಹೋದ ಎಲ್ಲ ದಾರಿಗಳೂ ಒಂದೇ ಅಲ್ಲ ಎಂಬುದು ನಾನು ಹೇಳಬೇಕೆಂದಿರುವ ಮುಖ್ಯ ಮಾತು.

ಇದನ್ನು ನಾವು ಏಕೆ ಓದಬೇಕು?

ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಇಂಥ ವಿಷಯ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ದೀನ್‌ನಲ್ಲಿ ಇಲ್ಲದ ಆಚರಣೆಯನ್ನು ಓದುವುದೆಂದರೆ ಅದನ್ನು ಒಪ್ಪಿಕೊಂಡಂತೆ ಅಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಅಲ್ ಬಿರೂನಿ ಭಾರತದ ಧರ್ಮ, ಲೆಕ್ಕ, ಖಗೋಳಗಳನ್ನು ಸಂಸ್ಕೃತ ಕಲಿತು ಅಧ್ಯಯನ ಮಾಡಿದರು. ಅವರು ತಮ್ಮ ನಂಬಿಕೆ ಬಿಡಲಿಲ್ಲ, ಇತರರ ನಂಬಿಕೆಯನ್ನು ತಿರುಚಲೂ ಇಲ್ಲ.

ಇನ್ನೊಂದು ಉದಾಹರಣೆ ಇಬ್ನ್ ಬತೂತಾ. 1340ರ ದಶಕದಲ್ಲಿ ನಮ್ಮ ಕರಾವಳಿಯ ಹೊನ್ನಾವರ ಮತ್ತು ಮಂಗಳೂರನ್ನು ಕಂಡ ಇದೇ ಪ್ರವಾಸಿ 1352-53ರಲ್ಲಿ ಮಾಲಿ ಸಾಮ್ರಾಜ್ಯಕ್ಕೂ ಹೋಗಿದ್ದರು. ಅಲ್ಲಿ ಹಬ್ಬದ ದಿನ ಮನ್ಸಾ ಸುಲೈಮಾನನ ಆಸ್ಥಾನಕ್ಕೆ ಕವಿಗಳು ಗರಿಗಳ ಉಡುಪು ತೊಟ್ಟು, ಕೆಂಪು ಕೊಕ್ಕಿನ ಮರದ ಹಕ್ಕಿತಲೆ ಧರಿಸಿ ಬಂದು ಹಾಡಿದ್ದನ್ನು ಅವರು ನೋಡಿದರು. ಅವರಿಗೆ ಅದು ನಗೆ ಬರಿಸುವ ವೇಷವಾಗಿ ಕಂಡಿತು. ಆದರೂ ವಿಚಾರಿಸಿದರು. ಇಸ್ಲಾಂ ಬರುವುದಕ್ಕೆ ಮೊದಲಿನಿಂದ ನಡೆದುಬಂದ ಪದ್ಧತಿ ಎಂದು ತಿಳಿದು, ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟರು. ಆ ಕವಿಗಳು ಡೋಗನ್ನರಲ್ಲ. ಆದರೆ ಮರದ ಮುಖವಾಡದ ಬಗ್ಗೆ ಆ ಭಾಗದಿಂದ ನಮಗೆ ಸಿಗುವ ಹಳೆಯ ಬರಹಗಳಲ್ಲಿ ಇದೂ ಒಂದು. ಅದನ್ನು ಬರೆದವರು ಒಬ್ಬ ಖಾಜಿ ಎಂಬುದನ್ನು ಗಮನಿಸಬೇಕು.

ಡೋಗನ್ನರ ನಾಡು

ಮಾಲಿ ದೇಶದ ಮಧ್ಯಭಾಗದಲ್ಲಿ ಬಾಂಡಿಯಾಗರಾ ಎಂಬ ಊರಿದೆ. ಅದರ ಪಕ್ಕದಲ್ಲಿ ಮರಳುಗಲ್ಲಿನ ಕಡಿದಾದ ಬಂಡೆಗೋಡೆಯೊಂದು ಸುಮಾರು 150 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿದೆ. ಮೇಲೆ ಕಲ್ಲಿನ ಪ್ರಸ್ಥಭೂಮಿ, ಕೆಳಗೆ ಮರಳು ಬಯಲು, ನಡುವೆ ಗೋಡೆಯಂತೆ ನಿಂತ ಬಂಡೆ. ಈ ಮೂರೂ ಕಡೆ ಡೋಗನ್ನರ ಹಳ್ಳಿಗಳಿವೆ. ಯುನೆಸ್ಕೋ 1989ರಲ್ಲಿ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರಕೃತಿ ಮತ್ತು ಸಂಸ್ಕೃತಿ ಎರಡೂ ಕಾರಣಕ್ಕೆ ಸೇರಿದ ಕೆಲವೇ ಸ್ಥಳಗಳಲ್ಲಿ ಇದೊಂದು. ಪಟ್ಟಿಗೆ ಸೇರಿದ ಭಾಗದ ವಿಸ್ತೀರ್ಣ 4,00,000 ಹೆಕ್ಟೇರ್, ಅದರೊಳಗಿನ ಹಳ್ಳಿಗಳು 289.

ಡೋಗನ್ನರು ಸುಮಾರು 15ನೇ ಶತಮಾನದಲ್ಲಿ ಇಲ್ಲಿಗೆ ಬಂದರು ಎನ್ನುತ್ತಾರೆ. ಅವರಿಗಿಂತ ಮೊದಲು ಇಲ್ಲಿ ತೆಲೆಮ್ ಎಂಬ ಜನರಿದ್ದರು. ಬಂಡೆಯ ಎತ್ತರದ ಗುಹೆಗಳಲ್ಲಿ ತೆಲೆಮ್ ಜನ ತಮ್ಮ ಸತ್ತವರನ್ನು ಇಡುತ್ತಿದ್ದರು. ಡೋಗನ್ನರೂ ಶವವನ್ನು ಬಟ್ಟೆಯಲ್ಲಿ ಸುತ್ತಿ ಹಗ್ಗದಿಂದ ಮೇಲಕ್ಕೆ ಎಳೆದು ಗುಹೆಯಲ್ಲಿ ಇಡುವ ಪದ್ಧತಿ ಬೆಳೆಸಿಕೊಂಡರು.

ಅವರ ಮುಖ್ಯ ಕಸುಬು ಬೇಸಾಯ. ಸಜ್ಜೆ ಊಟದ ಧಾನ್ಯ, ಈರುಳ್ಳಿ ಮಾರುಕಟ್ಟೆಯ ಬೆಳೆ. ಸಾಂಪ್ರದಾಯಿಕ ನಂಬಿಕೆಯ ಪ್ರಕಾರ ಎಲ್ಲವನ್ನೂ ಸೃಷ್ಟಿಸಿದವನು ಅಮ್ಮಾ. ಈ ಹೆಸರಿಗೂ ಕನ್ನಡದ ‘ಅಮ್ಮ’ನಿಗೂ ಸಂಬಂಧವಿಲ್ಲ, ಉಚ್ಚಾರಣೆ ಮಾತ್ರ ಹತ್ತಿರ.

ಮುಖವಾಡ ಎಂದರೆ ಮರವಷ್ಟೇ ಅಲ್ಲ

ಸಾಂಗಾ ಭಾಗದ ಡೋಗನ್ ಭಾಷೆಯಲ್ಲಿ ಮುಖವಾಡಕ್ಕೆ ‘ಇಮಿನಾ’ ಎನ್ನುತ್ತಾರೆ. ಈ ಪದ ಕೇವಲ ಮುಖದ ಮೇಲಿನ ಮರದ ತುಂಡಿಗೆ ಅನ್ವಯಿಸುವುದಿಲ್ಲ. ಮರದ ತಲೆ, ಅದರ ಹಿಂದೆ ಕಟ್ಟಿದ ನಾರಿನ ಟೋಪಿ, ಸೊಂಟದ ಸುತ್ತ ಇಳಿಬಿಟ್ಟ ಕೆಂಪು ಮತ್ತು ಕಪ್ಪು ನಾರಿನ ಲಂಗ, ಕೈಕಾಲಿನ ನಾರಿನ ಗೊಂಡೆ, ಎದೆಯ ಮೇಲಿನ ಕವಡೆಯ ಪಟ್ಟಿ, ಇವೆಲ್ಲವನ್ನೂ ಧರಿಸಿ ಕುಣಿಯುತ್ತಿರುವ ಮನುಷ್ಯ, ಎಲ್ಲ ಸೇರಿ ಒಂದು ‘ಇಮಿನಾ’. ನಾವು ಚಿತ್ರಗಳಲ್ಲಿ ನೋಡುವ ಮರದ ಭಾಗ ಅದರ ತಲೆ ಮಾತ್ರ.

ಆ ನಾರು ದಾಸವಾಳದ ಜಾತಿಯ ಗಿಡದಿಂದ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ತಿನ್ನುವ ಪುಂಡಿ ಪಲ್ಯದ ಪುಂಡಿಯೂ ಇದೇ ಜಾತಿಗೆ ಸೇರಿದ್ದು. ಪುಂಡಿಯಿಂದ ನಾರು ತೆಗೆಯುವುದು ನಮ್ಮ ಹಳ್ಳಿಗಳಲ್ಲೂ ಗೊತ್ತಿದ್ದ ಕೆಲಸವೇ. ಡೋಗನ್ನರಲ್ಲಿ ಮರದ ಮೂರ್ತಿಗಳನ್ನು ಕೆತ್ತುವವರು ಕಮ್ಮಾರರು. ಆದರೆ ಮುಖವಾಡವನ್ನು ಸಾಮಾನ್ಯವಾಗಿ ಕುಣಿಯುವ ಯುವಕರೇ ಊರಿನ ಕಣ್ಣಿಗೆ ಬೀಳದ ಜಾಗದಲ್ಲಿ ಹಗುರವಾದ ಮರದಿಂದ ಬಾಚಿ ಹಿಡಿದು ಕೆತ್ತಿಕೊಳ್ಳುತ್ತಾರೆ. ನಂತರ ಬಣ್ಣ ಹಚ್ಚುತ್ತಾರೆ.

ಮುಖವಾಡದ ಕೆಲಸ ನೋಡಿಕೊಳ್ಳುವ ಸಂಘಕ್ಕೆ ‘ಅವಾ’ ಎಂದು ಹೆಸರು. ಸುನ್ನತಿಯಾದ ಗಂಡು ಹುಡುಗರು ಇದಕ್ಕೆ ಸೇರುತ್ತಾರೆ. ಸಂಘಕ್ಕೆ ‘ಸಿಗಿ ಸೋ’ ಎಂಬ ಬೇರೆಯೇ ಭಾಷೆಯಿದೆ. ಅದು ದಿನದ ಮಾತಿನ ಭಾಷೆಯಲ್ಲ, ಆಚರಣೆಯ ಭಾಷೆ. ಮುಖವಾಡ ಧರಿಸಿದವನು ಮಾತಾಡುವಂತಿಲ್ಲ, ಪ್ರಾಣಿಪಕ್ಷಿಯಂತೆ ಕೂಗಬಹುದು ಅಷ್ಟೆ. ಹಿರಿಯರು ಸಿಗಿ ಸೋ ಭಾಷೆಯಲ್ಲಿ ಅವನನ್ನು ಹುರಿದುಂಬಿಸುತ್ತಾರೆ. ಹೆಂಗಸರು ಮತ್ತು ಚಿಕ್ಕ ಮಕ್ಕಳು ದೂರ ಉಳಿಯಬೇಕು.

ಸಾವು, ನ್ಯಾಮಾ ಮತ್ತು ದಾಮಾ

ಮುಖವಾಡದ ಅರ್ಥ ತಿಳಿಯಬೇಕಾದರೆ ‘ನ್ಯಾಮಾ’ ಎಂಬ ಪದ ತಿಳಿಯಬೇಕು. ಜೀವವಿರುವ ಎಲ್ಲದರಲ್ಲೂ ಇರುವ ಬಲ ಎಂದು ಅದನ್ನು ವಿವರಿಸಬಹುದು. ಮನುಷ್ಯ ಸತ್ತಾಗ, ಬೇಟೆಯಲ್ಲಿ ಪ್ರಾಣಿ ಸತ್ತಾಗ ಈ ಬಲ ನೆಲೆ ತಪ್ಪಿ ಅಲೆಯುತ್ತದೆ, ಅದನ್ನು ಹಾಗೆಯೇ ಬಿಟ್ಟರೆ ಬದುಕಿರುವವರಿಗೆ ತೊಂದರೆ ಎಂಬುದು ನಂಬಿಕೆ. ಆ ಬಲಕ್ಕೆ ಒಂದು ನೆಲೆ ಮತ್ತು ದಾರಿ ಕೊಡುವುದು ಮುಖವಾಡದ ಕೆಲಸ.

ಸಾವಿನ ಕ್ರಿಯೆ ಹಂತ ಹಂತವಾಗಿ ನಡೆಯುತ್ತದೆ. ಮೊದಲು ಶವವನ್ನು ಗುಹೆಗೆ ಸೇರಿಸುತ್ತಾರೆ. ಅನಂತರ ಉತ್ತರಕ್ರಿಯೆ. ಅದರಲ್ಲಿ ಬಂದೂಕು ಹಾರಿಸುತ್ತಾರೆ, ಹುಸಿ ಯುದ್ಧ ಆಡಿ ತೋರಿಸುತ್ತಾರೆ, ಸತ್ತವನು ರೈತನಾಗಿದ್ದರೆ ಅವನ ಗುದ್ದಲಿಯನ್ನು ಮುರಿಯುತ್ತಾರೆ. ಕೊನೆಯ ಹಂತ ‘ದಾಮಾ’. ಇದು ಸೂತಕವನ್ನು ಮುಗಿಸುವ ಆಚರಣೆ. ಮುಖವಾಡಗಳು ಕಾಣಿಸಿಕೊಳ್ಳುವುದು ಮುಖ್ಯವಾಗಿ ಇಲ್ಲಿ.

ದಾಮಾ ಸಾವಿನ ಮರುದಿನವೇ ನಡೆಯುವುದಿಲ್ಲ. ಊರಿಗೆಲ್ಲ ಊಟ ಹಾಕಬೇಕು, ನೆಂಟರನ್ನು ಕರೆಯಬೇಕು, ಸಜ್ಜೆಯ ಬಿಯರ್ ಕಾಯಿಸಬೇಕು. ಒಂದು ಕುಟುಂಬಕ್ಕೆ ಇಷ್ಟು ಖರ್ಚು ಹೊರುವುದು ಕಷ್ಟ. ಹಾಗಾಗಿ ಕೆಲವು ವರ್ಷಗಳಲ್ಲಿ ತೀರಿಕೊಂಡವರಿಗೆಲ್ಲ ಸೇರಿಸಿ ಊರೇ ಒಂದು ದಾಮಾ ಮಾಡುತ್ತದೆ. ಒಳ್ಳೆಯ ಬೆಳೆ ಬಂದ ವರ್ಷಕ್ಕಾಗಿ ಕಾಯುತ್ತದೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳಬೇಕೆಂದರೆ, ಅಲ್ಲಿಯವರೆಗೆ ಸತ್ತವರ ಖಾತೆ ಮುಕ್ತಾಯವಾಗಿರುವುದಿಲ್ಲ. ಅವರು ಬದುಕಿಲ್ಲ, ಹಾಗೆಂದು ಪೂರ್ವಜರ ಸಾಲಿಗೂ ಸೇರಿಲ್ಲ. ದಾಮಾ ದಿನಗಳಲ್ಲಿ ಮುಖವಾಡಗಳು ಸಾಲುಗಟ್ಟಿ ಊರಿಗೆ ಬಂದು, ಸತ್ತವರ ಮನೆಯ ಮಾಳಿಗೆಯ ಮೇಲೆ, ಆಮೇಲೆ ಊರಿನ ಬಯಲಿನಲ್ಲಿ ಕುಣಿಯುತ್ತವೆ. ಅವುಗಳ ಜೊತೆಯಲ್ಲಿ ಸತ್ತವರು ಊರು ಬಿಟ್ಟು ಪೂರ್ವಜರ ಲೋಕಕ್ಕೆ ಹೊರಡುತ್ತಾರೆ ಎಂದು ನಂಬಿಕೆ. ಉಳಿದವರು ಮತ್ತೆ ತಮ್ಮ ಬದುಕಿಗೆ ಮರಳಬಹುದು.

ದುಃಖಕ್ಕೆ ಒಂದು ಅವಧಿ ಗೊತ್ತುಮಾಡುವುದು ನಮಗೆ ಹೊಸದಲ್ಲ. ಇಸ್ಲಾಮಿನಲ್ಲಿ ತೀರಿಕೊಂಡವರಿಗಾಗಿ ಶೋಕ ಮೂರು ದಿನ, ವಿಧವೆಗೆ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಎರಡರ ಹಿಂದಿನ ನಂಬಿಕೆ ಬೇರೆ ಬೇರೆ. ಆದರೆ ಅಳುವುದಕ್ಕೂ ಒಂದು ಕೊನೆಯ ದಿನ ಬೇಕು ಎಂಬುದನ್ನು ಇಬ್ಬರೂ ಕಂಡುಕೊಂಡಿದ್ದಾರೆ.

ಕೆಲವು ಮುಖ್ಯ ಮುಖವಾಡಗಳು

ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಗ್ರಿಯೋಲ್ 1930ರ ದಶಕದಲ್ಲಿ ಎಪ್ಪತ್ತಕ್ಕೂ ಹೆಚ್ಚು ಬಗೆಯ ಮುಖವಾಡಗಳನ್ನು ದಾಖಲಿಸಿದರು. ಅವುಗಳಲ್ಲಿ ಐದನ್ನು ಇಲ್ಲಿ ನೋಡೋಣ.

ಕನಗಾ: ಇದು ಎಲ್ಲಕ್ಕಿಂತ ಪ್ರಸಿದ್ಧ. ಮುಖದ ಮೇಲೆ ಒಂದು ನೇರ ಕಂಬ, ಅದಕ್ಕೆ ಎರಡು ಅಡ್ಡ ಪಟ್ಟಿ, ಪಟ್ಟಿಗಳ ತುದಿಗಳಲ್ಲಿ ಮೇಲಕ್ಕೂ ಕೆಳಕ್ಕೂ ಚಾಚಿದ ಚಿಕ್ಕ ತುಂಡುಗಳು. ಕುಣಿಯುವವನು ಸೊಂಟ ಬಗ್ಗಿಸಿ, ತಲೆಯನ್ನು ರಭಸದಿಂದ ಸುತ್ತಿಸಿ, ಮುಖವಾಡದ ತುದಿಯನ್ನು ನೆಲಕ್ಕೆ ತಾಗಿಸುತ್ತಾನೆ. ಒಳಗಿರುವ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯದಿದ್ದರೆ ಅದು ನಿಲ್ಲುವುದಿಲ್ಲ. ಸಾಮಾನ್ಯರು ಇದನ್ನು ರೆಕ್ಕೆ ಬಿಚ್ಚಿದ ಹಕ್ಕಿ ಎನ್ನುತ್ತಾರೆ. ಹೆಚ್ಚು ತಿಳಿದವರಿಗೆ ಇದು ಭೂಮಿ ಆಕಾಶಗಳ ಕಡೆ ಕೈ ಚಾಚಿ ಸೃಷ್ಟಿಸುತ್ತಿರುವ ಅಮ್ಮಾ ಎಂದು ಗ್ರಿಯೋಲ್ ಬರೆದರು.

ಸಿರಿಗೆ: ಒಂದೇ ಮರದಿಂದ ಕೆತ್ತಿದ, ನಾಲ್ಕೈದು ಮೀಟರ್ ಎತ್ತರದ ಹಲಗೆ. ಅದರ ಮೇಲೆ ಮನೆಯ ಗೋಡೆಯ ಗೂಡುಗಳಂಥ ಕಿಂಡಿಗಳಿರುತ್ತವೆ. ಇದು ವಂಶದ ದೊಡ್ಡ ಮನೆಯನ್ನು, ಮೇಲಿಂದ ಮೇಲೆ ಬಂದ ತಲೆಮಾರುಗಳನ್ನು ನೆನಪಿಸುತ್ತದೆ.

ಸತಿಂಬೆ: ತಲೆಯ ಮೇಲೆ ಕೈ ಎತ್ತಿ ನಿಂತ ಹೆಣ್ಣಿನ ಆಕೃತಿ. ಮುಖವಾಡ ಮೊದಲು ಸಿಕ್ಕಿದ್ದು ಒಬ್ಬ ಹೆಂಗಸಿಗೆ, ಅವಳು ಅದನ್ನು ಧರಿಸಿ ಊರನ್ನು ಹೆದರಿಸಿದಳು, ಆಮೇಲೆ ಗಂಡಸರು ಅದನ್ನು ಅವಳಿಂದ ತೆಗೆದುಕೊಂಡರು ಎಂದು ಕಥೆ ಹೇಳುತ್ತದೆ. ಹೆಂಗಸರನ್ನು ದೂರವಿಡುವ ಸಂಘ ತನ್ನ ಮೂಲದಲ್ಲಿ ಒಬ್ಬ ಹೆಂಗಸು ಇದ್ದಳೆಂದು ತಾನೇ ಕೆತ್ತಿ ತೋರಿಸುತ್ತದೆ. ‘ಯಸಿಗಿನೆ’ ಎಂಬ ಕೆಲವೇ ಹೆಂಗಸರಿಗೆ ಮಾತ್ರ ಮುಖವಾಡದ ಹತ್ತಿರ ಹೋಗುವ ಹಕ್ಕಿದೆ. ಅವರನ್ನು ಮುಖವಾಡಗಳ ಸಹೋದರಿಯರು ಎಂದು ಕರೆಯುತ್ತಾರೆ.

ವಾಲು: ನೇರವಾದ ಉದ್ದ ಕೊಂಬಿನ ಜಿಂಕೆ. ಇದರಂತೆ ಮೊಲ, ಕೋತಿ, ಕಿರುಬ ಮುಂತಾದ ಪ್ರಾಣಿಗಳೂ, ಅವುಗಳ ಹಿಂದೆ ಬೇಟೆಗಾರನೂ ಬರುತ್ತಾರೆ.

ಹೊರಗಿನವರ ಮುಖವಾಡಗಳು: ನೆರೆಯ ಫುಲಾನಿ ಜನಾಂಗದ ಹೆಂಗಸು, ಮುಸ್ಲಿಂ ಮೌಲ್ವಿ, ಬಿಳಿಯ ಮನುಷ್ಯ, ಇವರಿಗೂ ಮುಖವಾಡಗಳಿವೆ. ಫುಲಾನಿ ಹೆಂಗಸಿನದು ಮರದ್ದಲ್ಲ, ನಾರು ಮತ್ತು ಕವಡೆಯಿಂದ ಹೆಣೆದದ್ದು. ಬಿಳಿಯನ ಮುಖವಾಡ ಕೈಯಲ್ಲಿ ನೋಟ್‌ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಾ ತಿರುಗಿ ಜನರನ್ನು ನಗಿಸಿದ್ದೂ ಉಂಟು. ಹೊರಗಿನವರು ತಮ್ಮನ್ನು ಅಧ್ಯಯನ ಮಾಡುತ್ತಿದ್ದಾಗ ಡೋಗನ್ನರೂ ಹೊರಗಿನವರನ್ನು ಗಮನಿಸುತ್ತಿದ್ದರು.

ಅರವತ್ತು ವರ್ಷಕ್ಕೊಮ್ಮೆ ಸಿಗಿ

ದಾಮಾಗಿಂತ ದೊಡ್ಡದು ‘ಸಿಗಿ’. ಇದು 60 ವರ್ಷಕ್ಕೊಮ್ಮೆ ಬರುತ್ತದೆ. ಇದರ ಹಿಂದೆ ಮೊದಲ ಸಾವಿನ ಕಥೆಯಿದೆ. ಹಿಂದೆ ಮನುಷ್ಯರು ಸಾಯುತ್ತಿರಲಿಲ್ಲ, ಮುದುಕರಾದಾಗ ಹಾವಾಗಿ ಬದಲಾಗುತ್ತಿದ್ದರು. ಹಾಗೆ ಹಾವಾದ ಒಬ್ಬ ಹಿರಿಯ ಕಿರಿಯರ ಜೊತೆ ಮನುಷ್ಯರ ಭಾಷೆಯಲ್ಲಿ ಮಾತಾಡಿ ಕಟ್ಟಳೆ ಮುರಿದ, ಅಲ್ಲೇ ಸತ್ತ. ಅವನ ನ್ಯಾಮಾಗೆ ನೆಲೆಯಾಗಿ ಹಾವಿನ ಆಕಾರದ ಮರದ ಮುಖವಾಡ ಕೆತ್ತಲಾಯಿತು. ‘ಇಮಿನಾ ನಾ’ ಅಂದರೆ ದೊಡ್ಡ ಮುಖವಾಡ ಎಂದು ಅದರ ಹೆಸರು. ಹಲವು ಮೀಟರ್ ಉದ್ದದ ಅದನ್ನು ಯಾರೂ ಧರಿಸುವುದಿಲ್ಲ. ಪ್ರತಿ ಸಿಗಿಗೆ ಹೊಸದನ್ನು ಕೆತ್ತಿ, ಹಳೆಯವುಗಳನ್ನು ಬಂಡೆಯ ಮರೆಯಲ್ಲಿ ಇಡುತ್ತಾರೆ.

ಕಳೆದ ಸಿಗಿ 1967ರಲ್ಲಿ ಯೂಗೋ ಎಂಬ ಹಳ್ಳಿಯಲ್ಲಿ ಆರಂಭವಾಗಿ, ವರ್ಷಕ್ಕೊಂದು ಕಡೆಯಂತೆ ಊರಿಂದೂರಿಗೆ ಸಾಗಿ 1973ರಲ್ಲಿ ಸೊಂಗೊ ಎಂಬಲ್ಲಿ ಮುಗಿಯಿತು. ಜ್ಯಾಂ ರೂಷ್ ಮತ್ತು ಜರ್ಮೇನ್ ದಿಯೆತೆರ್ಲೆನ್ ಅದನ್ನು ಚಲನಚಿತ್ರವಾಗಿ ಸೆರೆಹಿಡಿದರು. ಲೆಕ್ಕದ ಪ್ರಕಾರ ಮುಂದಿನ ಸಿಗಿ 2027ರಲ್ಲಿ ಬರಬೇಕು.

ಅರ್ಥ ಹೇಳುವವರು ಯಾರು?

ಡೋಗನ್ನರ ಬಗ್ಗೆ ಜಗತ್ತಿಗೆ ತಿಳಿದದ್ದರಲ್ಲಿ ಬಹುಪಾಲು ಗ್ರಿಯೋಲ್ ಅವರಿಂದ. 1946ರಲ್ಲಿ ಒಗೊತೆಮ್ಮೆಲಿ ಎಂಬ ಕಣ್ಣು ಕಾಣದ ವೃದ್ಧ ಬೇಟೆಗಾರರ ಜೊತೆ ಅವರು 33 ದಿನ ಮಾತುಕತೆ ನಡೆಸಿ, 1948ರಲ್ಲಿ ಪುಸ್ತಕ ಪ್ರಕಟಿಸಿದರು. ಅದರಿಂದ ಡೋಗನ್ನರ ಸೃಷ್ಟಿಕಥೆ ಲೋಕಪ್ರಸಿದ್ಧವಾಯಿತು. ಆದರೆ 1991ರಲ್ಲಿ ಡಚ್ ವಿದ್ವಾಂಸ ವಾಲ್ಟರ್ ವಾನ್ ಬೇಕ್, ತಾವು ಅದೇ ಜನರ ನಡುವೆ ಬಹಳ ಕಾಲ ಇದ್ದರೂ ಅಂಥ ಕಥೆಗಳನ್ನು ಬಲ್ಲವರು ಸಿಗಲಿಲ್ಲ ಎಂದು ಬರೆದರು. ಒಬ್ಬ ಜ್ಞಾನಿಯ ಮಾತನ್ನು ಇಡೀ ಜನಾಂಗದ ನಂಬಿಕೆ ಎಂದು ತಿಳಿಯಬಹುದೇ ಎಂಬ ಪ್ರಶ್ನೆ ಅಲ್ಲಿಂದ ಚರ್ಚೆಯಲ್ಲಿದೆ. ಆದ್ದರಿಂದ ಕನಗಾ ಎಂದರೆ ಇಷ್ಟೇ ಎಂದು ಒಂದು ವಾಕ್ಯದಲ್ಲಿ ಹೇಳುವ ಬರಹಗಳನ್ನು ಎಚ್ಚರದಿಂದ ಓದಬೇಕು.

ಆದರೂ ಗ್ರಿಯೋಲ್ ಮತ್ತು ಡೋಗನ್ನರ ನಡುವೆ ಇದ್ದ ಪ್ರೀತಿ ಸುಳ್ಳಲ್ಲ. 1956ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಸಾಂಗಾದ ಜನ ಅವರ ಬೊಂಬೆ ಮಾಡಿ ತಮ್ಮ ಪದ್ಧತಿಯಂತೆ ಉತ್ತರಕ್ರಿಯೆ ನಡೆಸಿದರು. ರೈತನಿಗೆ ಗುದ್ದಲಿ ಮುರಿಯುವ ಹೊತ್ತಿನಲ್ಲಿ, ಸದಾ ಅವರ ಕೈಯಲ್ಲಿ ಕಾಣುತ್ತಿದ್ದ ಸಾಧನವನ್ನು ಮುರಿದರು. ಅದು ಪೆನ್ಸಿಲ್.

ಇಸ್ಲಾಂ ಮತ್ತು ಮುಖವಾಡ

ಡೋಗನ್ನರ ಇತಿಹಾಸದಲ್ಲಿ ಇಸ್ಲಾಂ ಎರಡು ರೀತಿಯಲ್ಲಿ ಬಂತು. ಮೊದಲನೆಯದು ರಾಜ್ಯಗಳ ಮೂಲಕ. 1818ರಲ್ಲಿ ಸೇಕು ಅಮಾದು ಮಾಸಿನಾ ರಾಜ್ಯ ಸ್ಥಾಪಿಸಿದರು. 1862ರಲ್ಲಿ ಅಲ್ ಹಾಜ್ ಉಮರ್ ತಾಲ್ ಅದನ್ನು ಗೆದ್ದರು. 1864ರಲ್ಲಿ ಅವರು ತೀರಿಕೊಂಡದ್ದು ಬಾಂಡಿಯಾಗರಾ ಬಂಡೆಯ ದೆಗೆಂಬೆರೆ ಎಂಬ ಗುಹೆಯಲ್ಲಿ. ಆ ಕಾಲದ ದಾಳಿಗಳು, ಗುಲಾಮರಾಗಿ ಹಿಡಿದೊಯ್ಯುವ ಭಯ, ಇವು ಡೋಗನ್ನರು ಬಂಡೆಯ ಆಸರೆ ಬಿಡದಿರುವುದಕ್ಕೆ ಕಾರಣಗಳಾಗಿದ್ದವು. ಇದನ್ನು ನಾವು ಮುಚ್ಚಿಡಬಾರದು.

ಎರಡನೆಯದು ವ್ಯಾಪಾರಿಗಳು, ಉಲೇಮಾಗಳು, ಕೆಲಸ ಹುಡುಕಿ ಪಟ್ಟಣಕ್ಕೆ ಹೋಗಿ ಬಂದವರ ಮೂಲಕ, ಮುಖ್ಯವಾಗಿ 20ನೇ ಶತಮಾನದಲ್ಲಿ. ಇಂದು ಡೋಗನ್ನರಲ್ಲಿ ಬಹಳ ಮಂದಿ ಮುಸ್ಲಿಮರು, ಕ್ರೈಸ್ತರೂ ಇದ್ದಾರೆ. ಕಾನಿ ಕೊಂಬೊಲೆಯಂಥ ಹಳ್ಳಿಗಳಲ್ಲಿ ಮಣ್ಣಿನ ಸುಂದರ ಮಸೀದಿಗಳಿವೆ.

ಮುಖವಾಡದ ವಿಷಯದಲ್ಲಿ ಡೋಗನ್ ಮುಸ್ಲಿಮರೆಲ್ಲರೂ ಒಂದೇ ರೀತಿ ನಡೆದುಕೊಂಡಿಲ್ಲ. ಶಿರ್ಕ್ ಎಂದು ಪೂರ್ತಿ ಬಿಟ್ಟವರಿದ್ದಾರೆ. ಬಲಿ ಮತ್ತು ಬಿಯರ್ ಬಿಟ್ಟು ಕುಣಿತವನ್ನು ಊರಿನ ಕಲೆಯಾಗಿ ಉಳಿಸಿಕೊಂಡವರಿದ್ದಾರೆ. ಇದೇ ಮಾತುಕತೆ ದೇಶದ ಮಟ್ಟದಲ್ಲೂ ನಡೆದಿದೆ. 1959ರಲ್ಲಿ ಮಾಲಿ ಒಕ್ಕೂಟದ ಬಾವುಟದ ನಡುವೆ ಕನಗಾ ಎಂದು ಕರೆಯುವ ಕಪ್ಪು ಮನುಷ್ಯಾಕೃತಿ ಇತ್ತು. 1961ರಲ್ಲಿ ಅದನ್ನು ತೆಗೆದರು. ಬಾವುಟದಲ್ಲಿ ಮನುಷ್ಯಾಕೃತಿ ಬೇಡ ಎಂಬ ಮುಸ್ಲಿಮರ ಆಕ್ಷೇಪ ಅದಕ್ಕೆ ಕಾರಣ ಎನ್ನುತ್ತಾರೆ.

ಇದು ನಮಗೆ ಅರ್ಥವಾಗದ ಸಂಗತಿಯಲ್ಲ. ನಮ್ಮ ಮನೆಗಳಲ್ಲೇ ಒಬ್ಬರು ತೀರಿಕೊಂಡಾಗ ಮೂರನೇ ದಿನದ ಜಿಯಾರತ್, ನಲವತ್ತನೇ ದಿನದ ಚಾಲೀಸ್ವಾಂ ಮಾಡಬೇಕೆನ್ನುವವರೂ ಇದ್ದಾರೆ, ಸುನ್ನತ್ ಅಲ್ಲ, ಬೇಡ ಎನ್ನುವವರೂ ಇದ್ದಾರೆ. ಒಂದೇ ಮನೆಯ ಅಣ್ಣತಮ್ಮಂದಿರಲ್ಲೂ ಈ ವಿಷಯದಲ್ಲಿ ಎರಡು ಮಾತು ಬರುತ್ತದೆ. ಆದರೆ ಅದು ಆ ಮನೆಯವರು ಕೂತು ತೀರ್ಮಾನಿಸುವ ಸಂಗತಿ. ಹೊರಗಿನವರು ಬಂದು “ನಿಮ್ಮ ಹಳೆಯ ಪದ್ಧತಿ ಎಷ್ಟು ಚೆನ್ನಾಗಿತ್ತು, ಬಿಡಬೇಡಿ” ಎಂದರೂ, “ತಕ್ಷಣ ಬಿಡಿ” ಎಂದರೂ ನಮಗೆ ಇಷ್ಟವಾಗುವುದಿಲ್ಲ. ಡೋಗನ್ನರ ವಿಷಯದಲ್ಲೂ ಹಾಗೆಯೇ. ಮುಖವಾಡ ಬಿಟ್ಟ ಡೋಗನ್ ಮುಸ್ಲಿಮನನ್ನು ಸಂಸ್ಕೃತಿ ಕಳೆದುಕೊಂಡ ಪಾಪದವನು ಎಂದು ಬರೆಯುವುದು ಸರಿಯಲ್ಲ. ಅವನು ತಾನೇ ಯೋಚಿಸಿ ಬಿಟ್ಟಿದ್ದಾನೆ.

ಬೆಲೆ ಮತ್ತು ಮೌಲ್ಯ

ಬಿಡುವುದು ಬೇರೆ, ಕಳೆದುಕೊಳ್ಳುವುದು ಬೇರೆ. ಈ ವ್ಯತ್ಯಾಸ ಕಾಣಬೇಕಾದರೆ ಮಾರುಕಟ್ಟೆಯನ್ನು ನೋಡಬೇಕು.

ಮುಖವಾಡದ ಮೇಲಿನ ಕವಡೆಯಿಂದಲೇ ಶುರುಮಾಡೋಣ. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ನಾವು ಹೇಳುತ್ತೇವೆ. ಒಂದು ಕಾಲದಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕವಡೆಯೇ ಹಣ. ಅದು ನಮ್ಮ ಪಕ್ಕದ ಮಾಲ್ಡೀವ್ಸ್ ದ್ವೀಪಗಳ ಸಮುದ್ರದಿಂದ ಹೋಗುತ್ತಿತ್ತು. ಮಾಲ್ಡೀವ್ಸ್‌ನಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತಾ ಅದೇ ಕವಡೆ ಮಾಲಿಯಲ್ಲಿ ನಾಣ್ಯದಂತೆ ಓಡಾಡುವುದನ್ನೂ ದಾಖಲಿಸಿದ್ದಾರೆ. ಸಮುದ್ರದ ದಂಡೆಯಲ್ಲಿ ಚಿಪ್ಪು, ಮಾಲಿಯ ಸಂತೆಯಲ್ಲಿ ಹಣ, ಮುಖವಾಡದ ಮೇಲೆ ಅಲಂಕಾರ. ವಸ್ತು ಒಂದೇ, ಅದು ಎಲ್ಲಿದೆ ಎಂಬುದರ ಮೇಲೆ ಅದರ ಬೆಲೆ.

ಮುಖವಾಡದ ಕಥೆಯೂ ಹೀಗೆಯೇ. ಹಳ್ಳಿಯಲ್ಲಿ ಅದರ ಮೌಲ್ಯವೆಲ್ಲ ಕುಣಿತದಲ್ಲಿದೆ. ಕೆಲಸ ಮುಗಿದ ಎಷ್ಟೋ ಮುಖವಾಡಗಳನ್ನು ಬಂಡೆಯ ಸಂದಿಯಲ್ಲಿ ಬಿಡುತ್ತಿದ್ದರು, ಗೆದ್ದಲು ತಿನ್ನುತ್ತಿತ್ತು. ಮುಂದಿನ ದಾಮಾಗೆ ಹೊಸದನ್ನು ಕೆತ್ತಿದರಾಯಿತು. ಯುರೋಪಿನ ಮಾರುಕಟ್ಟೆಯಲ್ಲಿ ಇದು ತಲೆಕೆಳಗು. ಅಲ್ಲಿ ಕುಣಿಯದ ಮುಖವಾಡಕ್ಕೇ ಬೆಲೆ, ಅದರಲ್ಲೂ ಹಿಂದೊಮ್ಮೆ ಕುಣಿದಿದೆ ಎಂದು ಖಾತ್ರಿಯಾದರೆ ಇನ್ನೂ ಹೆಚ್ಚು. ನಾರು ಬೀಳುತ್ತದೆ, ತಾಳ ಇಲ್ಲ, ಭಾಷೆ ಇಲ್ಲ, ಸತ್ತವರ ಹೆಸರೂ ಇಲ್ಲ. ‘ಇಮಿನಾ’ದ ತಲೆ ಮಾತ್ರ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ.

ಮಾರುವುದಕ್ಕೆಂದೇ ಕೆತ್ತಿ ಮಾರಿದರೆ ತಪ್ಪೇನಿಲ್ಲ. ಅದೂ ಒಂದು ಕಸುಬು. ಸಾಂಗಾದಲ್ಲಿ ಪ್ರವಾಸಿಗರಿಗಾಗಿ ಕುಣಿಯುವ ತಂಡಗಳಿದ್ದವು, ಅದರಿಂದ ಮನೆಗಳು ನಡೆಯುತ್ತಿದ್ದವು. ಆದರೆ ಎಲ್ಲವೂ ಹೀಗೆ ಒಪ್ಪಿಗೆಯಿಂದ ಹೋಗಲಿಲ್ಲ. 1931ರಿಂದ 1933ರವರೆಗೆ ಗ್ರಿಯೋಲ್ ನೇತೃತ್ವದಲ್ಲೇ ಡಾಕಾರ್-ಜಿಬೂತಿ ಅಧ್ಯಯನ ಯಾತ್ರೆ ನಡೆಯಿತು. ಅದರ ಕಾರ್ಯದರ್ಶಿ ಮಿಶೆಲ್ ಲೇರಿಸ್ 1934ರಲ್ಲಿ ಪ್ರಕಟಿಸಿದ ದಿನಚರಿಯಲ್ಲಿ, ಮಾಲಿಯ ಹಳ್ಳಿಗಳಿಂದ ಕೆಲವು ಪವಿತ್ರ ವಸ್ತುಗಳನ್ನು ಜನರ ಇಷ್ಟಕ್ಕೆ ವಿರುದ್ಧವಾಗಿ, ಹೆದರಿಸಿ ಅಥವಾ ಕದ್ದು ತಂದದ್ದನ್ನು ಅವರೇ ಬರೆದಿದ್ದಾರೆ. ಯಾತ್ರೆ ತಂದ ಸಾವಿರಾರು ವಸ್ತುಗಳು ಇಂದು ಪ್ಯಾರಿಸ್ಸಿನ ಕೇ ಬ್ರಾನ್ಲಿ ವಸ್ತುಸಂಗ್ರಹಾಲಯದಲ್ಲಿವೆ. ಪ್ರೀತಿಯಿಂದ ಉತ್ತರಕ್ರಿಯೆ ಪಡೆದವರೂ ಇದೇ ಗ್ರಿಯೋಲ್. ಎರಡೂ ನಿಜ.

ಮಾಲಿ ಸರ್ಕಾರ 1985ರಲ್ಲಿ ಪರಂಪರೆಯ ರಕ್ಷಣೆಗೆ ಕಾನೂನು ತಂದಿತು. 1993ರಲ್ಲಿ ಅಮೆರಿಕ ತೆಲೆಮ್ ಗುಹೆಗಳ ಪುರಾತನ ವಸ್ತುಗಳ ಆಮದನ್ನು ನಿರ್ಬಂಧಿಸಿತು. 2018ರಲ್ಲಿ ಫ್ರಾನ್ಸ್ ಅಧ್ಯಕ್ಷರಿಗೆ ಸಲ್ಲಿಸಿದ ವರದಿಯಲ್ಲಿ ಫೆಲ್ವಿನ್ ಸಾರ್ ಮತ್ತು ಬೆನೆಡಿಕ್ಟ್ ಸವೋಯ್, ಒಪ್ಪಿಗೆಯಿಲ್ಲದೆ ತಂದ ಆಫ್ರಿಕಾದ ವಸ್ತುಗಳನ್ನು ಹಿಂದಿರುಗಿಸಬೇಕು ಎಂದು ಶಿಫಾರಸು ಮಾಡಿದರು.

ಒಬ್ಬ ಡೋಗನ್ ಮುಸ್ಲಿಂ ನಮಾಜಿಗೆ ನಿಂತು ಮುಖವಾಡ ಬಿಟ್ಟರೆ ಅದು ಅವನ ನಿರ್ಧಾರ. ಅವನ ಅಜ್ಜನ ಕೈಯಿಂದ ಅದನ್ನು ಕಿತ್ತುಕೊಂಡು ಹೋದರೆ ಅದು ಅನ್ಯಾಯ. ಮುಖವಾಡವನ್ನು ಒಪ್ಪದವರೂ ಈ ಅನ್ಯಾಯವನ್ನು ಅನ್ಯಾಯ ಎಂದೇ ಕರೆಯಬೇಕು. ವಸ್ತು ನಮಗೆ ಬೇಡದ್ದಾದರೆ ಅದರ ಕಳವು ಹಲಾಲ್ ಆಗುವುದಿಲ್ಲ.

2027ರ ಮುಂದೆ

2012ರಿಂದ ಮಾಲಿಯಲ್ಲಿ ಅಂತರ್ಯುದ್ಧ ಶುರುವಾಯಿತು. ಪ್ರವಾಸಿಗರು ಬರುವುದು ನಿಂತಿತು. ನಂತರದ ವರ್ಷಗಳಲ್ಲಿ ಹಿಂಸೆ ಡೋಗನ್ ನಾಡಿಗೂ ಬಂತು. ನೂರಾರು ವರ್ಷ ಜೊತೆಗಿದ್ದ ರೈತ ಡೋಗನ್ನರು ಮತ್ತು ದನಗಾಹಿ ಫುಲಾನಿಗಳ ನಡುವೆ ರಕ್ತ ಹರಿಯಿತು. ಮಾರ್ಚ್ 2019ರಲ್ಲಿ ಒಗೊಸ್ಸಾಗು ಎಂಬ ಫುಲಾನಿ ಹಳ್ಳಿಯಲ್ಲಿ 150ಕ್ಕೂ ಹೆಚ್ಚು ಜನರನ್ನು ಕೊಂದರು. ಅದೇ ಜೂನ್‌ನಲ್ಲಿ ಡೋಗನ್ನರ ಸೊಬಾನೆ ದಾ ಹಳ್ಳಿಯ ಮೇಲೆ ದಾಳಿಯಾಯಿತು. ಒಂದು ಕಾಲದಲ್ಲಿ ಡೋಗನ್ನರು ಫುಲಾನಿ ಹೆ‍ಂಗಸಿನ ಮುಖವಾಡ ಧರಿಸಿ ತಮ್ಮ ಸತ್ತವರನ್ನು ಬೀಳ್ಕೊಡುತ್ತಿದ್ದರು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ನೆರೆಯವನಿಲ್ಲದೆ ತಮ್ಮ ಲೋಕ ಪೂರ್ತಿಯಲ್ಲ ಎಂದು ಆ ಕುಣಿತಕ್ಕೆ ಗೊತ್ತಿತ್ತು.

1967ರ ಸಿಗಿಯನ್ನು ನನ್ನ ವಯಸ್ಸಿನಲ್ಲಿ, ಅಂದರೆ 17ರಲ್ಲಿ ನೋಡಿದವರಿಗೆ 2027ರಲ್ಲಿ 77 ಆಗಿರುತ್ತದೆ. ಅವರಲ್ಲಿ ಕೆಲವರು ಹಾಜಿಗಳಾಗಿರಬಹುದು, ಕೆಲವರು ಚರ್ಚಿಗೆ ಹೋಗುತ್ತಿರಬಹುದು, ಕೆಲವರಿಗೆ ಸಿಗಿ ಸೋ ಇನ್ನೂ ನೆನಪಿರಬಹುದು. ಸಿಗಿ ಮಾಡಬೇಕೇ, ಹೇಗೆ ಮಾಡಬೇಕು, ಬಿಡಬೇಕೇ ಎಂಬುದನ್ನು ಅವರು ತಮ್ಮ ಮಕ್ಕಳ ಜೊತೆ ಊರಿನ ಕಟ್ಟೆಯಲ್ಲಿ ಕೂತು ತೀರ್ಮಾನಿಸುವಂತಾಗಲಿ. ಬಂದೂಕು ಹಿಡಿದವರಾಗಲಿ, ಹಣದ ಚೀಲ ಹಿಡಿದವರಾಗಲಿ ಆ ತೀರ್ಮಾನ ಮಾಡುವಂತಾಗಬಾರದು. ಇದಕ್ಕಾಗಿ ದುಆ ಮಾಡುವುದಕ್ಕೆ ನಾವು ಮುಖವಾಡವನ್ನು ಒಪ್ಪಬೇಕಾಗಿಲ್ಲ.

ತರಗತಿಯಲ್ಲಿ ಚರ್ಚಿಸಲು

1. ‘ಇಮಿನಾ’ ಪದದ ಅರ್ಥಕ್ಕೂ ವಸ್ತುಸಂಗ್ರಹಾಲಯದಲ್ಲಿ ಕಾಣುವ ಮುಖವಾಡಕ್ಕೂ ಇರುವ ವ್ಯತ್ಯಾಸವೇನು?

2. ದಾಮಾ ನಡೆಸಲು ಊರು ಹಲವು ವರ್ಷ ಕಾಯುವುದರ ಹಿಂದಿನ ಆರ್ಥಿಕ ಕಾರಣವೇನು?

3. ಒಗೊತೆಮ್ಮೆಲಿ ಒಬ್ಬರ ಮಾತಿನಿಂದ ಇಡೀ ಜನಾಂಗದ ನಂಬಿಕೆಯನ್ನು ತಿಳಿಯಬಹುದೇ? ನಿಮ್ಮ ಊರಿನ ಬಗ್ಗೆ ಬರೆಯಬೇಕಾದರೆ ನೀವು ಎಷ್ಟು ಜನರನ್ನು, ಯಾರನ್ನು ಕೇಳುವಿರಿ?

4. ಒಂದು ಪದ್ಧತಿಯನ್ನು ಬಿಡುವುದಕ್ಕೂ ಕಳೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸಕ್ಕೆ ನಿಮ್ಮ ಸುತ್ತಲಿನ ಒಂದೊಂದು ಉದಾಹರಣೆ ಕೊಡಿ.